ರಿಸ್ಟಾರ್ಟ್ ಆಗುವಷ್ಟು ಹೊತ್ತು

ಕೆಲವರ ಫೋನು ಹಬ್ಬದ ದಿನ ಬಡಿದುಕೊಳ್ಳುತ್ತದೆ, ಕೆಲವರದು ಹುಟ್ಟಿದ ದಿನ. ನನ್ನ ಫೋನು ಬಡಿದುಕೊಳ್ಳುವುದು ಎಲ್ಲೋ ಯಾರದೋ ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡಾಗ. ಎಲ್ಲ ಸರಿಯಿದ್ದ ದಿನ ನಾನು ಬದುಕಿದ್ದೇನೋ ಇಲ್ಲವೋ ಎಂದು ವಿಚಾರಿಸುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಡಾಕ್ಟರರದೂ ಹಾಗೇ ಅಲ್ಲವೇ ಎಂದು ನೀವು ಕೇಳಬಹುದು. ಎಲ್ಲಿಯ ಡಾಕ್ಟರು, ಎಲ್ಲಿಯ ನಾನು! ಡಾಕ್ಟರರು ಪೇಟೆಯಲ್ಲಿ ಕಂಡರೆ ಜನ ನಿಂತು ಮಾತಾಡಿಸುತ್ತಾರೆ, ಮಗಳ ಮದುವೆಗೆ ಕರೆಯುತ್ತಾರೆ, ಮೊದಲ ಪಂಕ್ತಿಯಲ್ಲೇ ಕೂರಿಸಿ ಊಟ ಹಾಕುತ್ತಾರೆ. ನನ್ನನ್ನು ಕಂಡರೆ, "ಹಾಂ, ನಿನ್ನ ಕಂಡ ಕೂಡ್ಲೆ ನೆನಪಾತು ನೋಡು, ನಮ್ಮ ಆಫೀಸಿನ ಮೌಸು ಎಡಕ್ಕೆ ಹೋಗ್ತೇ ಇಲ್ಲೆ" ಎನ್ನುತ್ತಾರೆ. ಒಬ್ಬ ಮನುಷ್ಯನ ಮುಖ ನೋಡಿದರೆ ಮೌಸು ನೆನಪಾಗುತ್ತದೆಂದರೆ ಆ ಮುಖ ಯಾವ ಗತಿಗೆ ಬಂದಿರಬೇಕು, ನೀವೇ ಹೇಳಿ.

ನಾನು ಶಿರಸಿಯ ಒಂದು ರೈತರ ಸಹಕಾರಿ ಸೊಸೈಟಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಸಿದ್ದಾಪುರ, ಯಲ್ಲಾಪುರಗಳಲ್ಲಿ ನಮಗೆ ಶಾಖೆಗಳಿವೆ. ಕೋಲಸಿರ್ಸಿಯಂಥ ಊರುಗಳಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ಕಂಪ್ಯೂಟರಿನ ಪುಟ್ಟ ಶಾಖೆಗಳೂ ಇವೆ. ನೇಮಕಾತಿ ಆದೇಶದಲ್ಲಿ ನನ್ನ ಹುದ್ದೆಗೆ ಒಂದು ಉದ್ದನೆಯ ಇಂಗ್ಲಿಷ್ ಹೆಸರಿದೆ. ಅದನ್ನು ಓದಿದವನು ನಾನೊಬ್ಬನೇ. ಉಳಿದವರಿಗೆಲ್ಲ ನಾನು 'ಕಂಪ್ಯೂಟರ್ ಮಾಣಿ'. ಮಾಣಿ ಎಂದರೆ ನಮ್ಮ ಕಡೆ ಹುಡುಗ. ಕೆಲಸಕ್ಕೆ ಸೇರಿದಾಗ ಹಾಗೆ ಕರೆದದ್ದು ಸರಿಯೇ ಇತ್ತು. ಈಗ ನೆತ್ತಿ ಹೊಳೆಯುತ್ತಿದೆ, ಸಣ್ಣ ಅಕ್ಷರ ಓದಲು ಕನ್ನಡಕ ಹಣೆಗೇರಿಸಬೇಕು, ಆದರೂ ನಾನು ಮಾಣಿಯೇ. ಮದುವೆಯಾಗಿದ್ದರೆ ಬಡ್ತಿ ಸಿಗುತ್ತಿತ್ತೋ ಏನೋ. ಯಾಕೆ ಆಗಲಿಲ್ಲ ಎಂದು ಕೇಳಬೇಡಿ, ನನ್ನನ್ನು ಯಾರೂ ಕೇಳಲಿಲ್ಲ. ಮತ್ತಿಘಟ್ಟದ ಮನೆಯಲ್ಲಿ ಅಣ್ಣನ ಸಂಸಾರವಿದೆ, ತುಂಬಿದ ಮನೆ. ಅಲ್ಲಿಗೆ ಹೋದರೆ ಅತ್ತಿಗೆ ಕಾಫಿ ಕೊಟ್ಟು ಅಣ್ಣನ ಮಗನ ಲ್ಯಾಪ್‌ಟಾಪನ್ನೂ ಕೊಡುತ್ತಾಳೆ. ಹಾಗಾಗಿ ಶಿರಸಿಯ ಬಾಡಿಗೆ ಕೋಣೆಯಲ್ಲೇ ಇರುತ್ತೇನೆ. ಕೆಳಗೆ ಹಿಟ್ಟಿನ ಗಿರಣಿ. ಅದರ ಗಡಗಡ ಸದ್ದಿಗೆ ಮೊದಮೊದಲು ಬೈಯುತ್ತಿದ್ದೆ. ಈಗ ಗಿರಣಿಗೆ ರಜೆಯಿರುವ ದಿನ ಕೋಣೆಯಲ್ಲಿ ಕೂರಲಿಕ್ಕೆ ಆಗುವುದಿಲ್ಲ, ಸುಮ್ಮನೆ ಬಸ್‌ಸ್ಟ್ಯಾಂಡಿನ ತನಕ ಹೋಗಿ ಬರುತ್ತೇನೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ರಿಪೇರಿಯವನು ಆಫೀಸಿನ ಬಾಗಿಲಲ್ಲಿ ಕಾಣಿಸಿದ ಕೂಡಲೇ ಅಲ್ಲಿದ್ದವರೆಲ್ಲ, "ಬಂದ್ಯಾ ಮಾರಾಯಾ, ಬಾ ಬಾ" ಎಂದು ಪ್ರೀತಿಯಿಂದ ಎದ್ದು, ಕುರ್ಚಿ ಕೊಟ್ಟು, ಚಾ ಕುಡಿಯಲು ಹೊರಗೆ ಹೋಗಿಬಿಡುತ್ತಾರೆ. ಯಲ್ಲಾಪುರದಲ್ಲಿ ಇದು ಬಲು ಚೆನ್ನಾಗಿ ನಡೆಯುತ್ತದೆ. ನಾನು ಕಂಡಿರುವುದೆಲ್ಲ ಅವರ ಬೆನ್ನು. ಆಮೇಲೆ ಖಾಲಿ ಆಫೀಸಿನಲ್ಲಿ ನಾನು, ಫ್ಯಾನು ಮತ್ತು ತೊಂದರೆ ಮೂವರೇ. ತೊಂದರೆಯಾದರೂ ದೊಡ್ಡದಿರುತ್ತದೆಯೇ ಎಂದರೆ ಅದೂ ಇಲ್ಲ. ಅಂಕಿ ಮೂಡುತ್ತಿಲ್ಲವೆಂದರೆ ನಂಬರ್ ಲಾಕ್ ಒತ್ತಿರುವುದಿಲ್ಲ. ಪಾಸ್‌ವರ್ಡ್ ತೆಗೆದುಕೊಳ್ಳುತ್ತಿಲ್ಲವೆಂದರೆ ಕ್ಯಾಪ್ಸ್ ಲಾಕ್ ಒತ್ತಿರುತ್ತದೆ. ಪರದೆ ಕಪ್ಪಾಗಿದ್ದರೆ ಪ್ಲಗ್ ಸಡಿಲವಾಗಿರುತ್ತದೆ. ಪ್ರಿಂಟರ್ ಏನೂ ಕೊಡುತ್ತಿಲ್ಲವೆಂದು ಒಬ್ಬರು ಮತ್ತೆ ಮತ್ತೆ ಒತ್ತಿದ್ದು ಪಕ್ಕದ ಕೋಣೆಯ ಪ್ರಿಂಟರಿನಲ್ಲಿ ರಾಶಿ ರಾಶಿಯಾಗಿ ಬಂದು ಬಿದ್ದಿರುತ್ತದೆ. ಎಲ್ಲದಕ್ಕೂ, ತಾವೇನೂ ಮಾಡಿಲ್ಲವೆಂದು, ಅವರು ಹೇಳುವ ಮಾತು ಒಂದೇ: "ಆನು ಎಂತೂ ಮಾಡಿದ್ನಿಲ್ಲೆ." ಕೆಲಸ ಮುಗಿದ ಮೇಲೆ ಅವರು ಬರುವ ತನಕ ನಾನು ಪರದೆಯ ಮೇಲಿನ ಫೋಟೋ ನೋಡುತ್ತ ಕೂರುತ್ತೇನೆ. ಒಬ್ಬರದು ಮಗಳ ಭರತನಾಟ್ಯ, ಒಬ್ಬರದು ಉಪನಯನ, ಒಬ್ಬರದು ಗಂಡ ಹೆಂಡತಿ ಯಾವುದೋ ಸಮುದ್ರದ ದಂಡೆಯಲ್ಲಿ ತಂಪು ಕನ್ನಡಕ ಹಾಕಿ ನಿಂತದ್ದು. ಈ ಮೂರು ತಾಲೂಕಿನ ಎಷ್ಟೋ ಮಕ್ಕಳು ಬೆಳೆದು ದೊಡ್ಡವರಾದದ್ದನ್ನು ನಾನು ಹೀಗೆ ಪರದೆಯಲ್ಲೇ ನೋಡಿದ್ದೇನೆ. ಅವರಲ್ಲಿ ಒಬ್ಬರಿಗೂ ನನ್ನ ಪರಿಚಯವಿಲ್ಲ.

ಇಷ್ಟಾದರೂ ಬಸ್ ಹತ್ತಿ ಹೋಗುವುದಿತ್ತು, ಕಂಡಕ್ಟರ್ ಜೊತೆ ಎರಡು ಮಾತಿತ್ತು, ಬೆನ್ನಾದರೂ ಮನುಷ್ಯರದೇ ಆಗಿತ್ತು. ಅದಕ್ಕೂ ಕಲ್ಲು ಬಿತ್ತು. ಹಾವೇರಿ ಕಡೆಯಿಂದ ಬಂದ ಹೊಸ ಮ್ಯಾನೇಜರರು ಒಂದು ದಿನ ನನ್ನನ್ನು ಕರೆದು, "ಅಲ್ರೀ, ಒಂದು ಬಟನ್ ಒತ್ತಾಕ ಯಲ್ಲಾಪುರತನಕ ಹೋಗ್ತೀರಲ್ಲ, ಇಲ್ಲೇ ಕುಂತು ಮಾಡಾಕ ಬರೂದಿಲ್ಲೇನ್ರಿ?" ಎಂದರು. ಬರುತ್ತದೆ. ದೂರದಿಂದಲೇ ಇನ್ನೊಬ್ಬರ ಕಂಪ್ಯೂಟರ್ ಒಳಗೆ ಹೊಕ್ಕು ಸರಿಮಾಡುವ ವ್ಯವಸ್ಥೆ ಎಲ್ಲ ಕಡೆ ಇದೆ. ಇಲ್ಲವೆನ್ನುವ ಧೈರ್ಯ ನನಗೆ ಬರಲಿಲ್ಲ. ಹಿಂದೆ ಗೋಣಿಚೀಲ ಇಡುತ್ತಿದ್ದ ಕೋಣೆಯನ್ನು ಗುಡಿಸಿ ನನಗೆ ಕೊಟ್ಟರು. ಅಂದಿನಿಂದ ನಾನು ಹೋಗುವುದು ನಿಂತಿತು, ಪರದೆಯ ಮೇಲೆ ನನ್ನ ಮೌಸಿನ ಬಾಣದ ಗುರುತು ಮಾತ್ರ ಹೋಗುತ್ತದೆ. ಯಲ್ಲಾಪುರದವರು ಅದಕ್ಕೂ ಮರ್ಯಾದೆ ಕೊಡುತ್ತಾರಂತೆ. ಬಾಣ ತಾನಾಗಿ ಓಡಾಡತೊಡಗಿದರೆ ಕುರ್ಚಿ ಹಿಂದೆ ಸರಿಸಿ, ಎದ್ದು, ಚಾಕ್ಕೆ ಹೋಗುತ್ತಾರಂತೆ. ಕೆಲಸವಾದ ಮೇಲೆ ಫೋನಿನಲ್ಲಿ "ಆತು" ಎಂದು ಇಟ್ಟುಬಿಡುತ್ತಾರೆ. ಗೋಣಿ ವಾಸನೆಯ ಆ ಕೋಣೆಯಲ್ಲಿ ಇಡೀ ದಿನ ಕೂತು ನನಗೆ ಬೇಜಾರು ಹತ್ತಿತು. ಬೇಜಾರೆಂದರೆ ಸುಮ್ಮನೆ ಬಾಯಿಮಾತಿನದಲ್ಲ, ಸಂಜೆ ಕೋಣೆಯ ಬೀಗ ತೆಗೆಯುವಾಗ ಇವತ್ತು ನಾನು ಯಾರ ಮುಖವನ್ನೂ ನೋಡಿ ಮಾತಾಡಲಿಲ್ಲವಲ್ಲ ಎಂದು ಲೆಕ್ಕ ಹಾಕುವಂಥದ್ದು.

ಆಗ ನನ್ನ ಕೈಹಿಡಿದದ್ದು ರಿಸ್ಟಾರ್ಟ್. ಕಂಪ್ಯೂಟರಿನವರು ಯಾವ ತೊಂದರೆ ಹೇಳಿದರೂ ಮೊದಲು "ಒಂದ್ಸಲ ರಿಸ್ಟಾರ್ಟ್ ಮಾಡಿ ನೋಡಿ" ಎನ್ನುತ್ತಾರೆಂದು ಲೋಕವೆಲ್ಲ ನಗುತ್ತದೆ. ನಗಲಿ. ಬಂದ್ ಮಾಡಿ ಚಾಲೂ ಮಾಡಿದರೆ ಮುಕ್ಕಾಲು ಪಾಲು ತೊಂದರೆ ಹೋಗುವುದು ನಿಜವೇ. ಆದರೆ ನಾನು ಕಂಡುಕೊಂಡದ್ದು ಬೇರೆ. ಹಳೆಯ ಕಂಪ್ಯೂಟರು ಮಲಗಿ ಏಳುವುದಕ್ಕೆ ಒಂದಷ್ಟು ಹೊತ್ತು ಬೇಕು. ಆ ಹೊತ್ತಿನಲ್ಲಿ ಆ ಕಡೆಯವರು ಫೋನ್ ಇಡುವಂತಿಲ್ಲ, ಬೇರೆ ಕೆಲಸ ಮಾಡುವಂತಿಲ್ಲ, ಕಪ್ಪು ಪರದೆ ನೋಡುತ್ತ ಎಷ್ಟು ಹೊತ್ತು ಸುಮ್ಮನಿರುತ್ತಾರೆ? ಮಾತಾಡಲೇಬೇಕು. ಮೊದಲು ಸೆಕೆಯ ಮಾತು, ಆಮೇಲೆ ಬಸ್ಸಿನ ಮಾತು, ಆಮೇಲೆ ಮನೆಯದು. ನಾನು ನಂಬರ್ ಲಾಕಿಗೂ ರಿಸ್ಟಾರ್ಟ್ ಹೇಳತೊಡಗಿದೆ. ಸಿದ್ದಾಪುರದವರೊಬ್ಬರು ಪ್ರಿಂಟರಿನಲ್ಲಿ ಹಾಳೆ ಮುಗಿದಿದೆ ಎಂದಾಗಲೂ ಬಾಯಿಗೆ ಅದೇ ಬಂತು.

ಎಲ್ಲಕ್ಕಿಂತ ನಿಧಾನದ ಕಂಪ್ಯೂಟರು ಕೋಲಸಿರ್ಸಿಯದು, ಅದರ ಮುಂದೆ ಕೂರುವವರು ಪಾರ್ವತಕ್ಕ. ನನ್ನ ಓಡಾಟ ನಿಂತ ಮೇಲೆ ವರ್ಗವಾಗಿ ಬಂದವರು, ಮುಖ ನೋಡಿರಲಿಲ್ಲ. ಆ ಶಾಖೆಗೆ ಅವರೊಬ್ಬರೇ. ನಿವೃತ್ತಿ ಹತ್ತಿರವಿದೆ, ಬಿಳಗಿಯಲ್ಲಿ ಮನೆ, ದಿನಾ ಸಿದ್ದಾಪುರದಲ್ಲಿ ಬಸ್ಸು ಬದಲಿಸಿ ಬಂದು ಹೋಗುತ್ತಾರೆ. ಅವರ ಕಂಪ್ಯೂಟರು ಒಮ್ಮೆ ಮಲಗಿದರೆ ಏಳುವಷ್ಟರಲ್ಲಿ ಒಂದು ಎಲೆಯಡಿಕೆಯ ಕವಳ ಹಾಕಿ, ಜಗಿದು, ಉಗಿದು ಬರಬಹುದು. ಮೊದಲ ದಿನವೇ ಅವರು, "ಇದು ಏಳವರೆಗೆ ಎಂತ ಮಾಡದು ತಮಾ? ನಿಂಗೆ ಊಟ ಆತಾ? ಎಂತ ಅಡುಗೆ?" ಎಂದು ಕೇಳಿದರು. ತಮ್ಮ ಎನ್ನುವುದನ್ನು ನಮ್ಮ ಕಡೆ ತಮಾ ಎಂದೇ ಕರೆಯುವುದು. ನಾನು ಖಾನಾವಳಿಯಲ್ಲಿ ತಿಂದದ್ದು ಹೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆಂದು, "ಬಸಲೆ ಹುಳಿ" ಎಂದುಬಿಟ್ಟೆ. "ಹೌದಾ! ಬೇಳೆ ಯಾವ್ದು ಹಾಕಿದೆ? ಕಾಯಿ ಹುರಿದ್ಯಾ, ಹಸಿದಾ?" ಎಂದು ಹಿಡಿದುಕೊಂಡರು. ಏನೋ ತಡವರಿಸಿದೆ. ಮರುದಿನ ಮತ್ತೆ ಕೇಳಿದರು. ಕೊನೆಗೆ ಸುಳ್ಳು ನಿಭಾಯಿಸಲಾಗದೆ ನಾನು ನಿಜವಾಗಿಯೂ ಒಂದು ಒಲೆ, ಒಂದು ಕುಕ್ಕರ್ ತಂದು ಅಡುಗೆ ಕಲಿಯಬೇಕಾಯಿತು. ಒಂದೆಲಗದ ತಂಬುಳಿಯಿಂದ ಹಿಡಿದು ಮಾವಿನಕಾಯಿಯ ಅಪ್ಪೆಹುಳಿಯವರೆಗೆ ನಾನು ಕಲಿತದ್ದೆಲ್ಲ ಆ ಕಂಪ್ಯೂಟರ್ ಏಳುವ ಹೊತ್ತಿನಲ್ಲಿ. ಅವರು ತಮ್ಮ ಮನೆಯ ಮಂಗನ ಕಾಟ, ಹಲಸಿನ ಹಪ್ಪಳ ಒಣಗಿಸುವ ದಿನವೇ ಮೋಡ ಕಟ್ಟುವುದು, ಮೊಮ್ಮಗಳು ಮಾವಿನ ಮರ ಹತ್ತಿ ಇಳಿಯಲಾರದೆ ಅತ್ತದ್ದು ಎಲ್ಲ ಹೇಳುತ್ತಿದ್ದರು. ನಡುವೆ "ಬಂತು, ಬಂತು, ಪರದೆ ನೀಲಿ ಆತು" ಎನ್ನುವರು. ನನಗೆ ಅಷ್ಟು ಬೇಗ ನೀಲಿಯಾಯಿತೇ ಎಂದು ಎದೆಯಲ್ಲಿ ಚುರುಕ್ಕೆನ್ನುತ್ತಿತ್ತು.

ಹೀಗಿರುವಾಗ ಮ್ಯಾನೇಜರರು ಮತ್ತೆ ಕರೆದರು. ಹಳೆಯ ಕಂಪ್ಯೂಟರುಗಳಿಗೆ ಹೊಸ ನಮೂನೆಯ ಡಿಸ್ಕ್ ಹಾಕಿದರೆ ಅವು ಚುರುಕಾಗುತ್ತವೆಂದು ನಾನೇ ಹಿಂದೊಮ್ಮೆ ಜಾಣತನ ತೋರಿಸಿ ಹೇಳಿದ್ದೆ. "ಒಂದು ತರಿಸೇನಿ. ಯಾವುದು ಬಾಳ ನಿಧಾನ ಐತಿ ಹೇಳ್ರಿ, ಅದಕ್ಕ ಮೊದ್ಲು ಹಾಕೋಣ" ಎಂದರು. ಹೇಳಬೇಕಾದ ಊರಿನ ಹೆಸರು ನಾಲಿಗೆಯ ತುದಿಗೆ ಬಂತು. ಆದರೆ ಆ ಡಿಸ್ಕ್ ಅಲ್ಲಿ ಕೂತರೆ ಕಂಪ್ಯೂಟರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಏಳುತ್ತದೆ, ನನ್ನ ದಿನದ ಒಂದೇ ಒಂದು ಮಾತುಕತೆ ಅಲ್ಲಿಗೆ ಮುಗಿಯಿತು. "ಯಲ್ಲಾಪುರದ್ದು ಸರ್" ಎಂದೆ. ಯಲ್ಲಾಪುರದವರು ಚಾಕ್ಕೆ ಹೋಗಿ ಬರುವುದು ಬೇಗವಾಗಲಿ ಎಂದು ಬೇಕಾದರೆ ಅಂದುಕೊಳ್ಳಿ. ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ಮರುದಿನ ಯಲ್ಲಾಪುರಕ್ಕೆ ಹೊರಡುವುದೆಂದಾಯಿತು.

ಹೊರಡುವ ಬೆಳಿಗ್ಗೆಯೇ ಪಾರ್ವತಕ್ಕನ ಫೋನು. ಹಿಂದಿನ ಸಂಜೆ ಸಿದ್ದಾಪುರದ ಕಡೆ ಗುಡುಗು ಮಿಂಚು ಹೊಡೆದಿತ್ತು. ನಮ್ಮ ಸೀಮೆಯಲ್ಲಿ ಆಕಾಶ ಗುಡುಗುಡು ಎಂದರೆ ಸಾಕು, ಮನೆಯಿರಲಿ ಆಫೀಸಿರಲಿ, ಜನ ಎದ್ದು ಕೈಗೆ ಸಿಕ್ಕಿದ ವೈರನ್ನೆಲ್ಲ ಕಿತ್ತುಹಾಕುತ್ತಾರೆ. ಟಿವಿ, ಇನ್‌ವರ್ಟರ್, ಇಂಟರ್‌ನೆಟ್, ಯಾವುದನ್ನೂ ಬಿಡುವುದಿಲ್ಲ. ಸಿಡಿಲಿಗೆ ಹೆದರುವುದು ತಪ್ಪಲ್ಲ. ಕಿತ್ತದ್ದನ್ನು ಮರುದಿನ ವಾಪಸು ಸಿಕ್ಕಿಸುವಾಗ ಇದೆ ಹಬ್ಬ. "ಎಲ್ಲಾ ವೈರೂ ಮೊದ್ಲಿನ ಹಂಗೇ ಹಾಕಿದ್ದು ತಮಾ. ಆದ್ರೆ ನೆಟ್ ಬತ್ತಾ ಇಲ್ಲೆ" ಎಂದರು ಪಾರ್ವತಕ್ಕ. ನೆಟ್ಟಿನ ಡಬ್ಬಿಯ ದೀಪಗಳು ಹೇಗೆ ಉರಿಯುತ್ತಿವೆ ಎಂದು ಕೇಳಿದೆ. "ಎಲ್ಲಾ ದೀಪವೂ ಒಟ್ಟಿಗೇ ಕುಣಿತಾ ಇದ್ದು. ಭಾರೀ ಚೊಲೋ ಕಾಣ್ತು!" ಎಂದರು. ರಿಸ್ಟಾರ್ಟ್ ಮಾಡಿಸಿದೆ, ಅಪ್ಪೆಹುಳಿಯ ಒಗ್ಗರಣೆಯ ಮಾತೂ ಆಯಿತು, ನೆಟ್ ಮಾತ್ರ ಬರಲಿಲ್ಲ. ನೆಟ್ ಇಲ್ಲದೆ ನನ್ನ ಬಾಣ ಅಲ್ಲಿಗೆ ಹೋಗುವ ಹಾಗಿಲ್ಲ. ನಾನೇ ಹೋಗಬೇಕು. ಖುಷಿಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಯಲ್ಲಾಪುರದ ಬಸ್ಸು ಬಿಟ್ಟು ಸಿದ್ದಾಪುರದ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಉದ್ದಕ್ಕೂ ಏನು ಮಾತಾಡಬೇಕೆಂದು ಯೋಚಿಸಿದ್ದೆ. ಕೋಲಸಿರ್ಸಿಯ ಶಾಖೆಯಲ್ಲಿ ಬಿಲ್ಲಿಗೆ ಕಾದ ನಾಲ್ಕಾರು ಜನ ಬೆಂಚಿನ ಮೇಲಿದ್ದರು. ಬೂದಿ ಬಣ್ಣದ ಸೀರೆಯ, ಸಣ್ಣ ಆಳಿನ ಒಬ್ಬರು ಕೈಯಲ್ಲೇ ಗೊಬ್ಬರದ ರಸೀತಿ ಬರೆಯುತ್ತಿದ್ದರು. ಪಾರ್ವತಕ್ಕ ಇವರೇ ಎಂದು ನಾನು ನೋಡಿದೆ, ಅವರು ನೋಡಿದರು. "ಬಂದ್ಯಾ" ಎಂದು ಎದ್ದು, ಕುರ್ಚಿ ಕೊಟ್ಟು, ಚಾ ಮಾಡುತ್ತೇನೆಂದು ಹಿಂದಿನ ಕೋಣೆಗೆ ಹೋಗಿಬಿಟ್ಟರು. ಪದ್ಧತಿ ಎಂದರೆ ಪದ್ಧತಿ! ನಾನು ಮೇಜಿನ ಕೆಳಗೆ ತೂರಿದೆ. ವೈರುಗಳೆಲ್ಲ ಬಂದು ಸೇರುವ, ಸಾಲಾಗಿ ತೂತುಗಳಿರುವ ಒಂದು ಡಬ್ಬಿಯಿರುತ್ತದೆ. ಹಿಂದೆ ಇನ್ನೊಂದು ಕಂಪ್ಯೂಟರಿಗೆಂದು ಎಳೆದಿದ್ದ ಒಂದು ವೈರು ಆ ಡಬ್ಬಿಯಿಂದ ಹೊರಟು ಅದರ ಇನ್ನೊಂದು ತುದಿ ಇಷ್ಟು ದಿನ ಸುಮ್ಮನೆ ನೇತಾಡುತ್ತಿದ್ದಿರಬೇಕು. ಪಾರ್ವತಕ್ಕ ಆ ತುದಿಯನ್ನೂ ಎತ್ತಿ ಅದೇ ಡಬ್ಬಿಗೆ ಸಿಕ್ಕಿಸಿದ್ದರು. ಹೀಗೆ ಒಂದೇ ವೈರಿನ ಎರಡೂ ತುದಿ ಒಂದೇ ಡಬ್ಬಿಗೆ ಹೋದರೆ, ಡಬ್ಬಿ ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಳ್ಳುತ್ತದೆ, ಅದನ್ನೇ ಮತ್ತೆ ಹೇಳುತ್ತದೆ, ಮತ್ತೆ ಕೇಳಿಸಿಕೊಳ್ಳುತ್ತದೆ. ಆ ಗದ್ದಲದಲ್ಲಿ ಹೊರಗಿನವರು ಯಾರು ಕರೆದರೂ ಅದಕ್ಕೆ ಗೊತ್ತಾಗುವುದಿಲ್ಲ. ಒಬ್ಬನೇ ಇರುವವನ ತಲೆಯೂ ಸುಮಾರು ಹೀಗೇ ಇರುತ್ತದೆಂದು ನನಗೆ ಗೊತ್ತು. ಯಾಕಕ್ಕಾ ಹಾಕಿದಿರಿ ಎಂದರೆ, "ಒಂದು ತುದಿ ಜೋತಾಡ್ತಿತ್ತು, ಒಂದು ತೂತೂ ಖಾಲಿ ಇತ್ತು. ಪಾಪ ಹೇಳಿ ಹಾಕಿದೆ" ಎಂದು ಒಳಗಿನಿಂದಲೇ ಹೇಳಿದರು.

ಆ ತುದಿ ಕಿತ್ತು ನಾನಿನ್ನೂ ಮೇಜಿನ ಕೆಳಗಿದ್ದಾಗ ಬೆಂಚಿನ ಮೇಲಿನ ಮುದುಕರೊಬ್ಬರು ಬಾಯಿ ತೆಗೆದರು. ತಿಮ್ಮಣ್ಣ ಎಂದು ಯಾರೋ ಕರೆದರು. "ನೆಟ್ ಬಂದ್ರೇನು, ಈ ಕಂಪ್ಯೂಟರ್ ಏಳೂ ಅಷ್ಟೊತ್ತಿಗೆ ನಾ ಮನೆಗೋಗಿ ಎಮ್ಮೆ ಹಾಲು ಕರದು ಬತ್ತಿದ್ದೆ. ಯಾರೋ ಶಿರಸಿಯಾಂವ ದಿನಾ ಬಂದ್ ಮಾಡು, ಚಾಲೂ ಮಾಡು ಅಂತಾನಂತೆ. ಅಂವಂಗೆ ಬ್ಯಾರೆ ಕೆಲ್ಸ ಇಲ್ಲನ? ಈ ಅಮ್ಮ ಬಸ್ ತಪ್ಪಿ ಎಷ್ಟು ಸಲ ಕತ್ತಲೀಲಿ ರಸ್ತೆ ಬದೀಗೆ ನಿತ್ಕಂಡಿದ್ರು, ಅಂವಂಗೇನು ಗೊತ್ತು!" ನನ್ನ ತಲೆ ಮೇಜಿಗೆ ಬಡಿಯಿತು. ಪಾರ್ವತಕ್ಕ ಚಾ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆ ಶಿರಸಿಯವನು ಇವನೇ ಎಂದು ತೋರಿಸಲಿಲ್ಲ. "ಅವ್ರು ಹೇಳಿದ ಮೇಲೆ ಮಾಡ್ಬೇಕು ತಿಮ್ಮಣ್ಣಾ. ಗೊತ್ತಿದ್ದವ್ರು ಹೇಳೋದು" ಎಂದರು, ಅಷ್ಟೇ. ಆಮೇಲೆ ನನ್ನ ಕೈಗೆ ಚಾ ಕೊಟ್ಟರು. ಸಂಜೆ ಕೆಲಸ ಮುಗಿಯುವ ಮುಂಚೆ ಮಾಡಿಸಿದ ರಿಸ್ಟಾರ್ಟುಗಳೆಲ್ಲ ನೆನಪಾದವು. ಅವರು ಮೊಮ್ಮಗಳ ಕಥೆ ಹೇಳುತ್ತಿದ್ದಾಗ ಬಿಳಗಿಯ ಬಸ್ಸು ಸಿದ್ದಾಪುರದಿಂದ ಹೊರಟಿರುತ್ತಿತ್ತು. ಒಂದು ಸಲವಾದರೂ "ತಮಾ, ಬಸ್ಸಿಗೆ ಹೊತ್ತಾತು" ಎಂದಿರಲಿಲ್ಲ ಪುಣ್ಯಾತ್ಗಿತ್ತಿ.

ಹೊರಗೆ ಹೋಗಿ ಮ್ಯಾನೇಜರರಿಗೆ ಫೋನ್ ಮಾಡಿ, "ಸರ್, ಎಲ್ಲಕ್ಕಿಂತ ನಿಧಾನದ್ದು ಇಲ್ಲಿದೆ, ಡಿಸ್ಕ್ ಇಲ್ಲೇ ಹಾಕ್ತೇನೆ" ಎಂದೆ. "ಹಾಕ್ರಿ, ಅದರಾಗ ಕೇಳೂದೇನೈತಿ" ಎಂದರು. ಹಳೆಯದರಲ್ಲಿದ್ದುದೆಲ್ಲ ಹೊಸದಕ್ಕೆ ಹೋಗಲು ಮಧ್ಯಾಹ್ನವಿಡೀ ಹಿಡಿಯಿತು. ಜನ ಚದುರಿದ ಮೇಲೆ ನಾವಿಬ್ಬರೇ ಉಳಿದೆವು. ಅಷ್ಟು ದಿನ ಫೋನಿನಲ್ಲಿ ತಂಬುಳಿಗೆ ಜೀರಿಗೆ ಎಷ್ಟು, ಮೆಣಸು ಎಷ್ಟು ಎಂದು ವಾದ ಮಾಡಿದವರು ಎದುರುಬದುರು ಕೂತು ಬಾಯಿ ಕಟ್ಟಿಹೋಗಿದ್ದೆವು. ಅವರು ರಸೀತಿ ಪುಸ್ತಕ ಜೋಡಿಸಿದರು, ಇನ್ನೊಮ್ಮೆ ಜೋಡಿಸಿದರು. ನಾನು ಪರದೆಯ ಮೇಲೆ ತುಂಬುತ್ತ ಹೋಗುವ ಹಸಿರು ಪಟ್ಟಿಯನ್ನು ನೋಡಿದೆ. ಕೆಲಸ ಮುಗಿದು ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ ತೋರಿಸಿದೆ. ಗುಂಡಿ ಒತ್ತಿದ ಕೈ ಹಿಂದಕ್ಕೆ ತೆಗೆಯುವಷ್ಟರಲ್ಲಿ ಎದ್ದು ನಿಂತಿತು. "ಅಯ್ಯಬ್ಬಾ! ಇಷ್ಟು ಬೇಗ?" ಎಂದರು ಪಾರ್ವತಕ್ಕ. ನನಗೇಕೋ ಅದು ಹೊಗಳಿಕೆಯಂತೆ ಕೇಳಿಸಲಿಲ್ಲ. ಇಬ್ಬರೂ ಒಟ್ಟಿಗೆ ಬಸ್ ನಿಲ್ದಾಣಕ್ಕೆ ನಡೆದು, ಬಸ್ಸು ಬರುವ ದಿಕ್ಕಿಗೆ ನೋಡುತ್ತ ನಿಂತೆವು. ಅವರನ್ನು ಬಿಟ್ಟುಬರಲು ನಾನೂ ಸಿದ್ದಾಪುರದ ತನಕ ಹೋದೆ, ಅಲ್ಲಿ ಬಿಳಗಿಯ ಬಸ್ಸು ಇನ್ನೂ ಖಾಲಿ ನಿಂತಿತ್ತು. ಅವರು ಕಿಟಕಿಯ ಬದಿ ಸೀಟು ಹಿಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ನನಗೆ ಕೈ ಮಾಡಿದರು.

ಆಮೇಲೆ ಕೋಲಸಿರ್ಸಿಯಿಂದ ಒಂದು ದೂರೂ ಇಲ್ಲ. ರಿಪೇರಿಯವನು ಹೆಮ್ಮೆಪಡಬೇಕಾದ ಸಂಗತಿ. ನಾನು ಹೆಮ್ಮೆಪಟ್ಟುಕೊಳ್ಳುತ್ತ ಗೋಣಿ ಕೋಣೆಯಲ್ಲಿ ಕೂತಿರುತ್ತೇನೆ. ಒಬ್ಬನಿಗೇ ಆದರೂ ಅಪ್ಪೆಹುಳಿ ಮಾಡುತ್ತೇನೆ, ಅದರ ಒಗ್ಗರಣೆ ಸೀದರೆ ಹೇಳಿಕೊಳ್ಳಲು ಯಾರೂ ಇಲ್ಲ. ಈ ನಡುವೆ ಒಂದು ಮಧ್ಯಾಹ್ನ ಫೋನು ಹೊಡೆದುಕೊಂಡಿತು, ನೋಡಿದರೆ ಪಾರ್ವತಕ್ಕ. ಡಿಸ್ಕ್ ಹೋಯಿತೇ? ಮತ್ತೆ ಗುಡುಗಿತೇ? "ಎಂತ ಆತು ಅಕ್ಕಾ? ಪರದೆ ಮೇಲೆ ಎಂತ ಬರದ್ದು, ಓದಿ" ಎಂದೆ. "ಎಂತೂ ಹಾಳಾಜಿಲ್ಲೆ ತಮಾ. ಎಲ್ಲಾ ಸರಿ ಇದ್ದು. ಸುಮ್ನೆ ಮಾಡಿದೆ" ಎಂದರು.

ಸುಮ್ಮನೆ! ಇಷ್ಟು ವರ್ಷಗಳ ನೌಕರಿಯಲ್ಲಿ ಸುಮ್ಮನೆ ಬಂದ ಫೋನು ಅದೇ ಮೊದಲು. ತೊಂದರೆಯಿಲ್ಲದ ಫೋನಿಗೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಗಾಬರಿಯಲ್ಲಿ, "ಹಂಗಾದ್ರೆ ಒಂದ್ಸಲ ರಿಸ್ಟಾರ್ಟ್ ಮಾಡಿ ನೋಡಿ" ಎಂದುಬಿಟ್ಟೆ. ಪಾಪ, ಅವರು ಮಾಡಿದರು. "ಬಂತು" ಎಂದರು. ನಾನು ಹೂಂ ಎಂದೆ. "ಹಂಗಾರೆ ಇಡ್ಲಾ ತಮಾ?" ಎಂದರು. "ಇಡಿ ಅಕ್ಕಾ" ಎಂದೆ.

ಇಟ್ಟ ಮೇಲೆ ತಲೆ ಚಚ್ಚಿಕೊಂಡೆ. ಮಂಗನ ಕಾಟ ಕಡಿಮೆಯಾಯಿತೇ ಎಂದು ಕೇಳಬಹುದಿತ್ತು, ಮೊಮ್ಮಗಳ ಸುದ್ದಿ ಕೇಳಬಹುದಿತ್ತು, ಏನಿಲ್ಲವೆಂದರೂ ಬಸ್ಸು ಸಿಗುತ್ತಿದೆಯೇ ಎಂದಾದರೂ ಕೇಳಬಹುದಿತ್ತು. ನಾಳೆ ನಾನೇ ಅವರಿಗೆ ಫೋನ್ ಮಾಡಬೇಕೆಂದಿದ್ದೇನೆ. ಸದ್ಯಕ್ಕೆ ಅದಕ್ಕೊಂದು ಕಾರಣ ಹುಡುಕುತ್ತಿದ್ದೇನೆ.